ನೀಲಿ ಹರಳು ಕ್ಯಾವನ್ಸೈಟ್: ಕ್ವಾರಿಯಲ್ಲಿ ಗುರುತಿಸುವ ಕ್ರಮ

ಕ್ಯಾವನ್ಸೈಟ್ ಕ್ಯಾಲ್ಸಿಯಂ, ವನೇಡಿಯಂ ಮತ್ತು ನೀರಿನ ಅಂಶ ಇರುವ ಅಪರೂಪದ ಸಿಲಿಕೇಟ್ ಖನಿಜ. ಅದರ ಕಡುನೀಲಿಗೆ ಕಾರಣ ವನೇಡಿಯಂ. ಅಮೆರಿಕದ ಒರೆಗಾನ್ ರಾಜ್ಯದ ಮಾದರಿಗಳನ್ನು ಆಧರಿಸಿ 1973ರಲ್ಲಿ ಇದರ ವಿವರ ಪ್ರಕಟವಾಯಿತು. ಆದರೆ ಒಳ್ಳೆಯ ಹರಳುಗಳಿಗೆ ಹೆಸರಾದದ್ದು ಪುಣೆ ಸಮೀಪದ ವಾಘೋಲಿಯ ಕಲ್ಲು ಕ್ವಾರಿಗಳು. ಬಣ್ಣವೊಂದನ್ನೇ ನಂಬಿದರೆ ಮೋಸಹೋಗುವ ಸಾಧ್ಯತೆ ಹೆಚ್ಚು. ಹಾಗಾಗಿ ಶಿಲೆಯಿಂದ ಆರಂಭಿಸಿ ಹರಳಿಗೆ ಬರುವುದು ಸರಿಯಾದ ಕ್ರಮ.

ಬೇಕಾದ ಸಲಕರಣೆ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಸುತ್ತಿಗೆ, ಉಳಿ, ಚಾಕು, ಮೆರುಗಿಲ್ಲದ ಪಿಂಗಾಣಿ ಬಿಲ್ಲೆ, ತೆಳು ಹೈಡ್ರೋಕ್ಲೋರಿಕ್ ಆಮ್ಲ, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್. ಕ್ವಾರಿ ಮಾಲೀಕರ ಅನುಮತಿ ಕಡ್ಡಾಯ.

1. ಶಿಲೆ: ವಾಘೋಲಿಯದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಹೆಪ್ಪುಗಟ್ಟಿ ಆದ ದಖ್ಖನ್ ಬಸಾಲ್ಟ್. ಅದರ ಗುಳ್ಳೆಪೊಟರೆ, ಬಿರುಕು ಮತ್ತು ಒಡೆದು ಬೆಸೆದ ಚೂರುಗಲ್ಲಿನ ಸಂದುಗಳಲ್ಲಿ ಹುಡುಕಬೇಕು. ಇದೇ ಬಸಾಲ್ಟ್ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಹಬ್ಬಿದೆ. ಆದರೆ ಬಸಾಲ್ಟ್ ಇದ್ದಲ್ಲೆಲ್ಲ ಕ್ಯಾವನ್ಸೈಟ್ ಇರುವುದಿಲ್ಲ.

2. ಜೊತೆಗಾರ ಖನಿಜಗಳು: ನಡು ಕಿರಿದಾಗಿ ತುದಿ ಹರಡಿದ, ಬಿಳಿ ಅಥವಾ ಪೀಚ್ ಬಣ್ಣದ ಸ್ಟಿಲ್ಬೈಟ್, ಮುತ್ತಿನ ಹೊಳಪಿನ ಹ್ಯೂಲಂಡೈಟ್ ಮತ್ತು ಕ್ಯಾಲ್ಸೈಟ್ ಪಕ್ಕದಲ್ಲಿದ್ದರೆ ಅನುಮಾನಕ್ಕೆ ಬಲ ಬರುತ್ತದೆ.

3. ಆಕಾರ: ಸೂಜಿಯಂಥ ಹರಳುಗಳು ಒಂದೇ ಬಿಂದುವಿನಿಂದ ಸುತ್ತಲೂ ಹೊಮ್ಮಿ, ಕದಂಬದ ಹೂವಿನಂತೆ ಉಂಡೆಯಾಗಿರುತ್ತವೆ. ಹೊಳಪು ಗಾಜಿನದು.

4. ಕಾಠಿಣ್ಯ ಮತ್ತು ಒರೆ: ಮೋಸ್ ಅಳತೆಯಲ್ಲಿ ಕಾಠಿಣ್ಯ 3ರಿಂದ 4. ಉಗುರಿಗೆ ಗೀರು ಬೀಳದು, ಚಾಕುವಿಗೆ ಸುಲಭವಾಗಿ ಬೀಳುತ್ತದೆ. ಬಿಲ್ಲೆಯ ಮೇಲೆ ಉಜ್ಜಿದರೆ ನಸುನೀಲಿ ಬಿಳಿ ಗೆರೆ ಮೂಡುತ್ತದೆ. ಹರಳು ಬಲು ಬೇಗ ಮುರಿಯುವುದರಿಂದ ಉದುರಿದ ಚೂರನ್ನಷ್ಟೇ ಪರೀಕ್ಷೆಗೆ ಬಳಸಬೇಕು.

5. ಆಮ್ಲ: ನೀಲಿಯೇ ಆದ ಅಜುರೈಟ್ ತಾಮ್ರದ ಕಾರ್ಬೊನೇಟ್. ಆಮ್ಲದ ಹನಿ ಬಿದ್ದರೆ ಅದು ನೊರೆಯುತ್ತದೆ, ಕ್ಯಾವನ್ಸೈಟ್ ನೊರೆಯುವುದಿಲ್ಲ. ಅಡಿಯಲ್ಲಿ ಕ್ಯಾಲ್ಸೈಟ್ ಅಂಟಿಕೊಂಡಿದ್ದರೆ ಅದೂ ನೊರೆಯುವುದರಿಂದ, ಗುಳ್ಳೆ ಏಳುತ್ತಿರುವುದು ನೀಲಿ ಹರಳಿನಿಂದಲೋ ತಳದಿಂದಲೋ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ತೂಕವೂ ಸುಳಿವು ಕೊಡುತ್ತದೆ: ಅಜುರೈಟಿನ ಸಾಪೇಕ್ಷ ಸಾಂದ್ರತೆ ಸುಮಾರು 3.8, ಕ್ಯಾವನ್ಸೈಟಿನದು ಸುಮಾರು 2.3.

6. ಅವಳಿ ಖನಿಜ: ಪೆಂಟಗೊನೈಟಿನ ರಾಸಾಯನಿಕ ಸಂಯೋಜನೆ ಇದರದೇ, ಹರಳಿನ ರಚನೆ ಮಾತ್ರ ಬೇರೆ. ಅದು ಉಂಡೆಗಟ್ಟುವುದಕ್ಕಿಂತ ಉದ್ದುದ್ದ ಕಡ್ಡಿಗಳಾಗಿ ಬೆಳೆಯುವುದೇ ಹೆಚ್ಚು. ಜೋಡಿಹರಳುಗಳ ಅಡ್ಡಕೊಯ್ತದಲ್ಲಿ ಐದು ಮೂಲೆಯ ನಕ್ಷತ್ರ ಕಾಣಬಹುದು. ಸಂದೇಹ ಉಳಿದರೆ ಎಕ್ಸ್-ರೇ ವಿವರ್ತನೆ ಪರೀಕ್ಷೆಯಿಂದಷ್ಟೇ ಖಚಿತವಾಗುತ್ತದೆ.

7. ಅಂಟಿಸಿದ ಮಾದರಿ: ಕೊಳ್ಳುವಾಗ ಈ ಎಚ್ಚರ ಬೇಕು. ಬಿಡಿ ಉಂಡೆಗಳನ್ನು ಸ್ಟಿಲ್ಬೈಟ್ ಮೇಲೆ ಅಂಟಿಸಿ ಮಾರುವುದುಂಟು. ಉಂಡೆಯ ಬುಡದಲ್ಲಿ ಪಾರದರ್ಶಕ ಅಂಟಿನ ಅಂಚು ಇದೆಯೇ ಎಂದು ಪರೀಕ್ಷಿಸಬೇಕು. ಹಲವು ಬಗೆಯ ಅಂಟು ಅತಿನೇರಳೆ ಟಾರ್ಚಿನ ಬೆಳಕಿನಲ್ಲಿ ಮಿನುಗುತ್ತದೆ. ಸಹಜ ಮಾದರಿಯಲ್ಲಿ ಸೂಜಿಗಳ ಬುಡ ತಳದ ಹರಳಿನಲ್ಲಿ ಹುದುಗಿರುವುದೂ ಉಂಟು.

ಸಿಕ್ಕ ಮಾದರಿಯನ್ನು ಆಮ್ಲದಲ್ಲಿ ತೊಳೆಯದೆ, ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಹತ್ತಿಯಲ್ಲಿ ಸುತ್ತಿಡಬೇಕು. ಜಾಗ, ದಿನಾಂಕ, ಶಿಲೆ ಮತ್ತು ಜೊತೆಗಿದ್ದ ಖನಿಜಗಳ ವಿವರ ಬರೆದ ಚೀಟಿ ಅದರೊಂದಿಗೇ ಇರಬೇಕು.