ಈ ಸಲದ ಕೊಯ್ಲು ಬೇರೆಯವರು ನೋಡಲಿ

ಮಗಳೇ, ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಡ್ರಿಪ್ ಮುಗಿಸಿ ಮಂಗಳೂರಿನಿಂದ ಘಟ್ಟ ಹತ್ತಿ ಬಂದವಳು ಮಾರನೆಯ ದಿನವೇ ಅರೇಬಿಕಾ ಕೊಯ್ಲಿನ ಆಳುಲೆಕ್ಕ ಕೇಳಿದೆಯಂತೆ. ನಿನ್ನಮ್ಮ ಹೇಳಿದಾಗ ಸಂಕಟವಾಯಿತು. ಹಣ್ಣು ಬರುವ ಹೊತ್ತಿಗೆ ಎಂದಿನಂತೆ ಕಣದಲ್ಲಿ ನಿಲ್ಲಬೇಕೆಂಬ ಹಟ ಬೇಡ. ಈ ಸಲದ ಕೊಯ್ಲನ್ನು ಅಣ್ಣನೋ ತೋಟದ ರೈಟರೋ ನೋಡಿಕೊಳ್ಳಲಿ.

ನನ್ನ ತಂಗಿಗೂ ಇದೇ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವುದರಿಂದ ಇದರ ಮರುಕಳಿಕೆ ನಮ್ಮ ಮನೆಗೆ ಹೊಸದಲ್ಲ. ದಿನಕ್ಕೊಂದು ಗ್ರಾಂನಂತೆ 3ರಿಂದ 5 ದಿನ ಕೊಡುವ ಮೀಥೈಲ್‌ಪ್ರೆಡ್ನಿಸೊಲೋನ್ ಉರಿಯೂತ ತಗ್ಗಿಸಿ ಚೇತರಿಕೆಯನ್ನು ಬೇಗ ಶುರುಮಾಡುತ್ತದೆ. ಕೊನೆಗೆ ಎಷ್ಟು ಶಕ್ತಿ ಮರಳುತ್ತದೆ ಎಂಬುದು ಆ ಔಷಧದ ಕೈಯಲ್ಲಿಲ್ಲ. ನಮ್ಮದೇ ರೋಗನಿರೋಧಕ ಕಣಗಳು ನರತಂತುಗಳ ಮೇಲಿನ ಮೈಲಿನ್ ಪದರವನ್ನು ಹಾಳುಮಾಡಿರುತ್ತವೆ. ಅದು ಒಂದಿಷ್ಟು ದುರಸ್ತಿಯಾಗಬೇಕು, ಮಿದುಳು ಬೇರೆ ದಾರಿ ಹುಡುಕಿಕೊಳ್ಳಬೇಕು. ಇದಕ್ಕೆ ತಿಂಗಳುಗಳೇ ಬೇಕು. ದೊಡ್ಡ ದಾಳಿಯಾದ ಎಷ್ಟೋ ಮಂದಿಗೆ ಆರು ತಿಂಗಳು ಕಳೆದ ಮೇಲೂ ಸುಧಾರಣೆ ಕಂಡದ್ದುಂಟು. ಒಂದಿಷ್ಟು ತೊಂದರೆ ಉಳಿದುಬಿಡುವುದೂ ಉಂಟು, ನಿನ್ನಿಂದ ಅದನ್ನು ಮುಚ್ಚಿಡಲಾರೆ.

ನಿದ್ದೆ ಕೆಟ್ಟರೆ, ಸುಮ್ಮಸುಮ್ಮನೆ ಅಳು ಬಂದರೆ ನಿನ್ನ ಸ್ವಭಾವವೇ ಹೋಯಿತೆಂದು ಹೆದರಬೇಡ. ಸ್ಟೀರಾಯ್ಡ್‌ನಿಂದಲೂ ಹಾಗಾಗುತ್ತದೆ. ವೈದ್ಯರಿಗೆ ಹೇಳು, ರಕ್ತದ ಸಕ್ಕರೆಯನ್ನೂ ನೋಡಿಸು. ಇನ್ನು ಆಯಾಸ. ಕಾಣುವವರಿಗೆ ನೀನು ನೆಟ್ಟಗಿದ್ದೀಯ, ಹಾಗಾಗಿ ಮೈಗಳ್ಳತನ ಎನ್ನುವವರು ಮನೆಯೊಳಗೇ ಸಿಗುತ್ತಾರೆ. ನರದ ಆಯಾಸ ಒಂದು ರಾತ್ರಿ ಮಲಗಿದರೆ ಹೋಗುವಂಥದ್ದಲ್ಲ. ಫಿಸಿಯೋಥೆರಪಿ ಬಿಡಬೇಡ. ಬೆಳಿಗ್ಗೆ ತಂಪಿನಲ್ಲಿ ಮಾಡು, ಸುಸ್ತಾಗುವ ಮೊದಲೇ ನಿಲ್ಲಿಸು.

ನಮ್ಮ ಮಲೆನಾಡಿನ ಬಚ್ಚಲ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ಮಳೆಯಲ್ಲಿ ನೆನೆದು ಬಂದು ಹಂಡೆಯ ಕುದಿನೀರು ಮೈಮೇಲೆ ಸುರಿದುಕೊಳ್ಳುವುದೇ ನಮಗೆ ಸುಖ. ಬಾಣಂತಿಗೂ ಅದೇ, ಕಾಯಿಲೆಯವರಿಗೂ ಅದೇ. ನಿನಗೆ ಅದು ಬೇಡ. ಮೈ ಬಿಸಿಯಾದರೆ ಮೈಲಿನ್ ಕಳೆದುಕೊಂಡ ನರದಲ್ಲಿ ಸಂದೇಶ ಇನ್ನೂ ಸೋಲುತ್ತದೆ. ವ್ಯಾಯಾಮದ ನಂತರ ರೋಗಿಗಳ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲೇ ಬರೆದಿದ್ದರು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಕಾಯಿಲೆ ಪತ್ತೆಹಚ್ಚುತ್ತಿದ್ದರು. ತಂಗಿ ಒಂದು ದೀಪಾವಳಿ ಎಣ್ಣೆಸ್ನಾನ ಮಾಡಿ ಬಚ್ಚಲಿನಿಂದ ಏಳಲಾರದೆ ಹೋದಳು. ತಣ್ಣಗಾದ ಮೇಲೆ ಕಾಲು ತಾನೇ ಸರಿಹೋಯಿತು, ಹೊಸ ಹಾನಿ ಏನೂ ಆಗಿರಲಿಲ್ಲ. ಆದರೆ ಹಾಸುಗಲ್ಲಿನ ಮೇಲೆ ಬಿದ್ದಿದ್ದರೆ? ಉಗುರುಬೆಚ್ಚಗಿನ ನೀರು ಸಾಕು. ಸ್ಟೂಲ್ ಹಾಕಿಕೊಂಡು ಕೂತು ಸ್ನಾನ ಮಾಡು, ಚಿಲಕ ಹಾಕಿಕೊಳ್ಳಬೇಡ.

ಬಚ್ಚಲು ಅಂಗಳದಾಚೆ ಇದೆಯೆಂದು ರಾತ್ರಿ ನೀರು ಕುಡಿಯುವುದನ್ನು ಬಿಡುತ್ತೀಯಲ್ಲ, ಅದೂ ತಪ್ಪು. ಈ ಕಾಯಿಲೆಯಲ್ಲಿ ಮೂತ್ರಚೀಲ ಪೂರ್ತಿ ಖಾಲಿಯಾಗದೆ ಸೋಂಕು ಬೇಗ ಹಿಡಿಯುತ್ತದೆ. ಸೋಂಕಿನ ಜ್ವರಕ್ಕೆ ಹಳೆಯ ಲಕ್ಷಣಗಳೆಲ್ಲ ಎದ್ದು ಬಂದು ಇನ್ನೊಂದು ಮರುಕಳಿಕೆಯಂತೆಯೇ ಕಾಣುತ್ತದೆ. ಹೊಸ ತೊಂದರೆ 24 ಗಂಟೆ ದಾಟಿದರೆ ವೈದ್ಯರಿಗೆ ಫೋನ್ ಮಾಡು, ಮೂತ್ರ ಪರೀಕ್ಷೆ ಮೊದಲು ಆಗಲಿ. ಜೋಮು ಹಿಡಿದ ಕಾಲಿಗೆ ಇಂಬಳ ಕಚ್ಚಿದ್ದು ತಿಳಿಯುವುದಿಲ್ಲ. ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡ, ಬಂದ ಮೇಲೆ ಬೆರಳಸಂದಿ ನೋಡಿಕೋ.

ಇಡೀ ಮೂಡಿಗೆರೆ ಸೀಮೆಗೆ ಈ ಕಾಯಿಲೆಯವಳು ನಾನೊಬ್ಬಳೇ ಎಂದೆಯಂತೆ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ 8ರ ಆಸುಪಾಸು ಜನರಿಗೆ ಈ ಕಾಯಿಲೆ ಕಂಡುಬಂತು. ಘಟ್ಟದ ಕೆಳಗೇ ಅಷ್ಟು ಮಂದಿ ಇದರೊಡನೆ ಬಾಳುತ್ತಿದ್ದಾರೆ. ಅಕ್ವಾಪೊರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸು. ಏಕೆಂದರೆ ಎಂಎಸ್‌ನಂತೆಯೇ ಕಾಣುವ ಎನ್‌ಎಂಒ ಎಂಬ ಬೇರೆ ಕಾಯಿಲೆಯಿದೆ, ಎಂಎಸ್‌ಗೆ ಕೊಡುವ ಕೆಲವು ಔಷಧಗಳು ಅದನ್ನು ಕೆರಳಿಸುತ್ತವೆ.

ನನಗೆ ಎಲ್ಲಕ್ಕಿಂತ ಭಯವಿರುವುದು ನೀನು ಚೆನ್ನಾಗಿರುವ ದಿನಗಳ ಬಗ್ಗೆ. ಕಾಲಿಗೆ ಬಲ ಬಂತೆಂದರೆ ಮುಂದಿನ ದಾಳಿ ತಡೆಯುವ ಔಷಧ ಯಾಕೆ ಎನ್ನಿಸುತ್ತದೆ. ದುಡ್ಡೂ ಆಗುತ್ತದೆ, ಕಾಫಿಗೆ ಬೆಲೆ ಬಿದ್ದ ವರ್ಷ ಮೊದಲು ಕೈಬಿಡುವುದೇ ಅದನ್ನು. ಬಿಡಬೇಡ. ಬೆಲೆ ಭಾರವಾದರೆ ವೈದ್ಯರನ್ನೇ ಕೇಳು, ಕಡಿಮೆ ಖರ್ಚಿನ ಬದಲಿ ಇರುತ್ತದೆ. ಚಾರ್ಮಾಡಿ ಘಟ್ಟದಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ದಾರಿ ಬಂದ್ ಆಗುತ್ತದೆ, 2019ರಲ್ಲಿ ನೋಡಿದ್ದೇವೆ. ಮೇ ಮುಗಿಯುವುದರೊಳಗೆ ಮಳೆಗಾಲದ ಔಷಧ ತಂದಿಟ್ಟುಕೋ. ಹೊರನಾಡಿಗೆ ಹರಕೆ ಹೊತ್ತವರಿಗೆ ಬೇಡವೆನ್ನಬೇಡ, ಆದರೆ ನಾಟಿಮದ್ದಿಗಾಗಿ ಆಸ್ಪತ್ರೆಯ ಮದ್ದು ನಿಲ್ಲಿಸಿ ಎಂದರೆ ಕೇಳಬೇಡ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ನಿನ್ನ ಕಾಯಿಲೆಯೂ ಇದೆ. ತೊಂದರೆ ಉಳಿದು, ತಪಾಸಣೆಯಲ್ಲಿ ಅದು ನೂರಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಮೀಸಲಾತಿಯಂಥ ಸೌಲಭ್ಯಗಳಿಗೂ ಅರ್ಹತೆ ಬರುತ್ತದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ನಾಚಿಕೆ ಬೇಡ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ. ಮುಂದಿನ ತಪಾಸಣೆಗೆ ಮಂಗಳೂರಿಗೆ ಹೋಗುವಾಗ ನನ್ನನ್ನೂ ಕರೆ. ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಡು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ನೀನು ಬೆಳಗಿನ ಮಾತ್ರೆ ತೆಗೆದುಕೊಂಡ ಮೇಲೆ ಘಟ್ಟ ಇಳಿಯೋಣ.