ನಿಮ್ಮ ಕೈಯಿಂದ ಯಾವ ಕೆಲಸ ಆಗುತ್ತಿಲ್ಲ?

ಹಸು ಒಂದು ಹೊತ್ತು ಹಾಲು ಕಡಿಮೆ ಕೊಟ್ಟರೂ ನೀವು ಸುಮ್ಮನಿರುವುದಿಲ್ಲ. ಮೇವು ತಿಂದಿತೇ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ ಎಂದು ನೋಡಿಟ್ಟುಕೊಂಡು, ಪಶುವೈದ್ಯರು ಬಂದಾಗ ಒಂದೊಂದನ್ನೂ ಬಿಡಿಸಿ ಹೇಳುತ್ತೀರಿ. ನಿಮ್ಮದೇ ಕೈ ನೋವಿಗೆ ಆಸ್ಪತ್ರೆಗೆ ಹೋದಾಗ ಮಾತ್ರ "ಕೈ ನೋವು ಡಾಕ್ಟ್ರೇ, ಒಂದು ಮಾತ್ರೆ ಕೊಡಿ" ಎಂದು ಮುಗಿಸಿಬಿಡುತ್ತೀರಿ. ಇಷ್ಟು ಹೇಳಿದರೆ ಸಿಗುವುದೂ ಮಾತ್ರೆ ಮಾತ್ರ.

ಕೈಯ ತೊಂದರೆಯನ್ನು ತಿಳಿದವರು ಎರಡು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಮೊದಲನೆಯದು ಅಳತೆ. ಬೆರಳು ಎಷ್ಟು ಮಡಚುತ್ತದೆ, ಹಿಡಿತ ಎಷ್ಟು ಬಿಗಿಯಾಗಿದೆ ಎಂದು ನೋಡುವುದು. ಅದುಮಿದರೆ ಹಿಡಿತದ ಬಲವನ್ನು ಕಿಲೋ ಲೆಕ್ಕದಲ್ಲಿ ತೋರಿಸುವ ಉಪಕರಣವೂ ಇದೆ. ಆದರೆ ಒಂದು ಸಲ ಬಲವಾಗಿ ಅದುಮುವ ಕೈ, ಎರಡು ಹಸು ಕರೆಯುವಷ್ಟು ಹೊತ್ತು ತಾಳುತ್ತದೆ ಎಂದೇನಿಲ್ಲ. ಅದಕ್ಕೇ ಎರಡನೆಯದಾಗಿ, ದಿನದ ಕೆಲಸಗಳ ಬಗ್ಗೆ ಪ್ರಶ್ನೆ ಕೇಳುತ್ತಾರೆ.

ಇದಕ್ಕಾಗಿ ಹಲವು ದೇಶಗಳಲ್ಲಿ ಬಳಸುವ ಒಂದು ಪ್ರಶ್ನಾವಳಿಗೆ 'ಡ್ಯಾಶ್' ಎಂದು ಹೆಸರು. 1996ರಲ್ಲಿ ಪ್ರಕಟವಾದ ಇದರಲ್ಲಿ 30 ಪ್ರಶ್ನೆಗಳಿವೆ. ಬಿಗಿ ಮುಚ್ಚಳ ತೆಗೆಯುವುದು, ಬೀಗದ ಕೈ ತಿರುಗಿಸುವುದು, ಅಡುಗೆ ಮಾಡುವುದು, ಭಾರ ಎತ್ತುವುದು, ರಾತ್ರಿ ನಿದ್ದೆ, ಹೀಗೆ. ಕಳೆದ ಒಂದು ವಾರದ ಲೆಕ್ಕದಲ್ಲಿ, ಸಲೀಸಾಗಿ ಆಗುತ್ತದೆ ಎಂದರೆ 1, ಆಗುವುದೇ ಇಲ್ಲ ಎಂದರೆ 5. ಎಲ್ಲದರ ಸರಾಸರಿ ತೆಗೆದು, ಅದರಲ್ಲಿ 1 ಕಳೆದು, 25ರಿಂದ ಗುಣಿಸುತ್ತಾರೆ. ಸರಾಸರಿ 3 ಬಂದರೆ ಅಂಕ 50. ಸೊನ್ನೆ ಎಂದರೆ ತೊಂದರೆ ಇಲ್ಲ, 100 ಎಂದರೆ ಕೈ ಪೂರ್ತಿ ಸೋತಿದೆ. ಪರೀಕ್ಷೆಯ ಅಂಕದಂತಲ್ಲ, ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು!

ಆ ಪಟ್ಟಿಯಲ್ಲಿ ಹಾಲು ಕರೆಯುವುದು ಇಲ್ಲ. ಕುಡುಗೋಲು ಹಿಡಿಯುವುದೂ ಇಲ್ಲ. ಆದ್ದರಿಂದ ನಿಮ್ಮ ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಹಾಲು ಕರೆಯುವುದು, ತುಂಬಿದ ಬಕೆಟ್ ಎತ್ತುವುದು, ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಮುದ್ದೆ ತಿರುವುವುದು, ಬಟ್ಟೆ ಹಿಂಡುವುದು, ರವಿಕೆಯ ಹುಕ್ಕು ಹಾಕುವುದು, ಮಗಳಿಗೆ ಜಡೆ ಹಾಕುವುದು, ರಾತ್ರಿ ನಿದ್ದೆ. ವಾರಕ್ಕೊಮ್ಮೆ ಒಂದೊಂದರ ಮುಂದೆ 1ರಿಂದ 5ರವರೆಗೆ ಅಂಕ ಹಾಕಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಇದು ಡ್ಯಾಶ್‌ನ ಅಂಕವಲ್ಲ, ನಿಮ್ಮ ಕೈಯನ್ನು ನಿಮ್ಮದೇ ಹಿಂದಿನ ವಾರದ ಕೈಗೆ ಹೋಲಿಸಿ ನೋಡುವುದಕ್ಕೆ ಅಷ್ಟೇ.

ಒಂದು ವಿಷಯದಲ್ಲಿ ಹೆಚ್ಚಿನವರು ಲೆಕ್ಕ ತಪ್ಪುತ್ತಾರೆ. ನೋವು ಜಾಸ್ತಿಯಾದಾಗ ಕೆಲಸ ಸದ್ದಿಲ್ಲದೆ ಸೊಸೆಯ ಪಾಲಿಗೆ ಹೋಗಿರುತ್ತದೆ, ಬಕೆಟ್ಟನ್ನು ಯಜಮಾನರು ಎತ್ತುತ್ತಿರುತ್ತಾರೆ. ಆಮೇಲೆ ವೈದ್ಯರು ಕೇಳಿದರೆ "ಈಗ ಪರವಾಗಿಲ್ಲ" ಎನ್ನುತ್ತೀರಿ. ಪರವಾಗಿಲ್ಲ ಅನಿಸುವುದು ಕೆಲಸ ಬಿಟ್ಟಿದ್ದರಿಂದ. ಬೇರೆಯವರು ಮಾಡುತ್ತಿರುವ ಕೆಲಸಕ್ಕೂ, ನಾನೇ ಮಾಡಿದ್ದರೆ ಎಷ್ಟು ಕಷ್ಟವಾಗುತ್ತಿತ್ತು ಎಂದು ಅಂದಾಜು ಮಾಡಿ ಅಂಕ ಹಾಕಿ. ಡ್ಯಾಶ್‌ನಲ್ಲೂ ಇದೇ ನಿಯಮ.

ನೋವು ಎಲ್ಲಿ, ಯಾವಾಗ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ರಾತ್ರಿ ಎದ್ದು ಕೈ ಕೊಡವಿಕೊಳ್ಳುವಂತಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಬೆರಳು ಮಡಚಿ ಸಿಕ್ಕಿಕೊಂಡು 'ಟಕ್' ಎಂದು ಬಿಚ್ಚಿದರೆ ಅದು ಬೇರೆ ತೊಂದರೆ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವಿದ್ದರೆ ನೀವು ಕರೆಯುವ ರೀತಿಯನ್ನೂ ವೈದ್ಯರಿಗೆ ತೋರಿಸಿ. ಹೆಬ್ಬೆರಳು ಮಡಚಿ ಅದರ ಗೆಣ್ಣಿನಿಂದ ಒತ್ತಿ ಕರೆದರೆ ಬೆರಳಿಗೂ ಆಯಾಸ, ಕೆಚ್ಚಲಿನ ತೊಟ್ಟಿಗೂ ಪೆಟ್ಟು. ತೊಟ್ಟನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿದು ಕರೆಯಿರಿ ಎಂದು ಪಶುವೈದ್ಯರು ಹೇಳುವುದು ಹಸುವಿನ ಸಲುವಾಗಿ, ಆದರೆ ಲಾಭ ಇಬ್ಬರಿಗೂ ಇದೆ.

ಚಿಕಿತ್ಸೆ ಶುರುವಾದ ಮೇಲೂ ಅಂಕ ಬರೆಯುವುದನ್ನು ನಿಲ್ಲಿಸಬೇಡಿ. ರಾತ್ರಿ ಹೊತ್ತು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲು ಹೇಳಿದ್ದರೆ, ನಾಲ್ಕಾರು ವಾರ ಕಳೆದರೂ ಅಂಕ ಇಳಿಯದಿದ್ದರೆ ಆ ಹಾಳೆಯನ್ನೇ ತೋರಿಸಿ, ಮುಂದೇನು ಎಂದು ಕೇಳಿ.

ಕೆಲವಕ್ಕೆ ಮಾತ್ರ ಪಟ್ಟಿ ಬರೆಯುತ್ತಾ ಕೂರಬಾರದು. ಜೋಮು ಹಗಲು ರಾತ್ರಿ ಬಿಡದಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದು ಅಂಗೈ ಚಪ್ಪಟೆಯಾದಂತೆ ಕಂಡರೆ ತಡಮಾಡದೆ ತೋರಿಸಿ. ಕುಡುಗೋಲು ಅಥವಾ ಮೇವು ಕತ್ತರಿಸುವ ಯಂತ್ರ ತಗುಲಿ ಗಾಯವಾಗಿ ಬೆರಳು ಮಡಚಲು, ಚಾಚಲು ಆಗದಿದ್ದರೆ ಒಳಗಿನ ಸ್ನಾಯುರಜ್ಜು ತುಂಡಾಗಿರಬಹುದು. ಅರಿಶಿನ ಮೆತ್ತಿ ಕಾಯಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಅಂದೇ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಸಂಜೆಯ ಹಾಲನ್ನು ಆ ದಿನ ಬೇರೆ ಯಾರಾದರೂ ಕರೆಯಲಿ.