ಒಂದೇ ಮಣ್ಣಿನ ಮಕ್ಕಳು

ಉಡುಪಿಯ ಸಮೀಪದಲ್ಲಿ, ಸ್ವರ್ಣಾ ನದಿಯು ಕಡಲನ್ನು ಸೇರುವ ಎಡೆಗೆ ಹತ್ತಿರವಾಗಿ, ಕೆಮ್ಮಣ್ಣು ಎಂಬ ಊರಿದೆ. ಕೆಂಪು ಮಣ್ಣು ಎಂಬುದೇ ಆ ಹೆಸರಿನ ಅರ್ಥ. ಯೆಹೂದ್ಯರ ಧರ್ಮಗ್ರಂಥದಲ್ಲಿ ಮೊದಲ ಮಾನವನ ಹೆಸರು ಆದಾಮ. ಅವರ ಹೀಬ್ರೂ ಭಾಷೆಯಲ್ಲಿ ‘ಅದಾಮಾ’ ಎಂದರೆ ನೆಲ, ‘ಅದೋಮ್’ ಎಂದರೆ ಕೆಂಪು. ಆದಾಮನು ಕೆಮ್ಮಣ್ಣಿನಿಂದ ರೂಪುಗೊಂಡವನೆಂದು ಅವರ ಪ್ರಾಚೀನ ಇತಿಹಾಸಕಾರನಾದ ಜೋಸೀಫಸನು ಬರೆದಿದ್ದಾನೆ.

ದೇವರು ಮೊದಲಿಗೆ ಒಬ್ಬನೇ ಮನುಷ್ಯನನ್ನು ಏಕೆ ಸೃಷ್ಟಿಸಿದನು? ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹಗೊಂಡ ‘ಮಿಶ್ನಾ’ ಎಂಬ ಗ್ರಂಥದಲ್ಲಿ ಇದಕ್ಕೆ ಉತ್ತರವುಂಟು: ‘ನಿನ್ನ ತಂದೆಗಿಂತ ನನ್ನ ತಂದೆ ದೊಡ್ಡವನು’ ಎಂದು ಯಾರೂ ಯಾರಿಗೂ ಹೇಳದಿರಲೆಂದು. ಈ ಮಾತು ಬರುವುದು ಮರಣದಂಡನೆಯ ಮೊಕದ್ದಮೆಯಲ್ಲಿ ಸಾಕ್ಷಿ ನುಡಿಯುವವರಿಗೆ ಕೊಡುವ ಎಚ್ಚರಿಕೆಯಲ್ಲಿ. ಒಂದು ಜೀವವು ಒಂದು ಲೋಕಕ್ಕೆ ಸಮಾನವೆಂಬುದನ್ನು ಅವರು ಅರಿತು ನುಡಿಯಬೇಕಾಗಿತ್ತು.

ಇಂಥ ವಿಚಾರಗಳನ್ನು ಎಳೆಯರ ಮನಸ್ಸಿಗೆ ಮುಟ್ಟಿಸಲು ಯೆಹೂದ್ಯರು ಕಂಡುಕೊಂಡ ಮಾರ್ಗವು ವಿಶಿಷ್ಟವಾದುದು. ಪಸ್ಕ ಹಬ್ಬದ ರಾತ್ರಿ ಊಟಕ್ಕೆ ಕುಳಿತಾಗ, ಈ ರಾತ್ರಿಯ ವಿಶೇಷವೇನೆಂದು ಮನೆಯ ಕಿರಿಯ ಮಗುವೇ ಕೇಳುತ್ತದೆ. ತಮ್ಮ ಪೂರ್ವಿಕರು ಅರಸರಾಗಿದ್ದರೆಂದು ಹಿರಿಯರು ಹೇಳುವುದಿಲ್ಲ. ಈಜಿಪ್ಟಿನಲ್ಲಿ ಗುಲಾಮರಾಗಿದ್ದರೆಂದು ಹೇಳುತ್ತಾರೆ. ಆ ಬಾಳಿನ ಕಹಿಯನ್ನು ನೆನೆಯಲು ಎಲ್ಲರೂ ಕಹಿಸೊಪ್ಪನ್ನು ತಿನ್ನುತ್ತಾರೆ. ನೀವು ಪರದೇಶಿಗಳಾಗಿದ್ದವರು, ಆದುದರಿಂದ ಪರದೇಶಿಯನ್ನು ಪೀಡಿಸಬೇಡಿರಿ ಎಂಬುದು ಅವರ ಧರ್ಮಶಾಸ್ತ್ರದ ವಿಧಿ. ವಂಶದ ಹಿರಿಮೆಯನ್ನು ಹೊಗಳಿ ಮಕ್ಕಳನ್ನು ಬೆಳೆಸುವುದಕ್ಕಿಂತ ಇದು ಕಷ್ಟದ ಪಾಠವೇ ಸರಿ.

ಪಾಠವನ್ನು ಹೇಳುವುದು ಒಂದು, ಅದರಂತೆ ಬಾಳುವುದು ಇನ್ನೊಂದು. ಇದಕ್ಕೆ ನಿದರ್ಶನವು ನಮ್ಮ ಕರಾವಳಿಯಲ್ಲಿಯೇ ದೊರೆಯುತ್ತದೆ. ಟ್ಯುನೀಸಿಯ ದೇಶದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸುತ್ತಿದ್ದನು. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂಬುದು ಯೆಹೂದ್ಯರ ನಂಬಿಕೆ. ಆದಕಾರಣ ಅವನ ಪತ್ರಗಳು ಕೈರೋ ನಗರದ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಉಳಿದುಬಂದವು.

1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಗೆ ಮಂಗಳೂರಿನಲ್ಲಿ ಬಿಡುಗಡೆಪತ್ರವನ್ನು ಬರೆದುಕೊಟ್ಟನು. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅವನ ವ್ಯಾಪಾರದ ಕೆಲಸಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದ ದಾಸನೊಬ್ಬನೂ ಇದ್ದನು. ಪತ್ರಗಳಲ್ಲಿ ಕಾಣುವ ಅವನ ಹೆಸರು ತುಳುನಾಡಿನ ‘ಬೊಮ್ಮ’ ಇರಬೇಕೆಂದು ಪ್ರೊ. ಬಿ. ಎ. ವಿವೇಕ ರೈಯವರು ಲೇಖಕ ಅಮಿತಾವ್ ಘೋಷರಿಗೆ ವಿವರಿಸಿದರು. ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೂ ವಂದನೆಗಳನ್ನು ತಿಳಿಸುತ್ತಿದ್ದರು. ಮುಂದೆ ‘ಶೇಖ್’ ಎಂಬ ಗೌರವಪದವನ್ನೂ ಅವನ ಹೆಸರಿಗೆ ಸೇರಿಸಿದರು. ಇದು ಸಣ್ಣ ಮಾತಲ್ಲ. ಆದರೂ, ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಮಕ್ಕಳಿಗೆ ಹೇಳಿರಬೇಕಾದ ಆ ಮನೆಯಲ್ಲಿಯೇ ಒಬ್ಬ ದಾಸನಿದ್ದನೆಂಬುದನ್ನು ಮರೆಯಲಾಗದು.

ಆ ವರ್ತಕನನ್ನು ಮಾತ್ರ ದೂರುವುದು ನಮಗೆ ತರವಲ್ಲ. ಇದೇ ಕರಾವಳಿಯ ಕೊರಗರು ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವುದರಲ್ಲಿ ನಿಪುಣರು. ಎಲ್ಲರ ಮನೆಗೂ ಅವರ ಬುಟ್ಟಿ ಬೇಕಾಗಿತ್ತು, ಅವರು ಮಾತ್ರ ಅಂಗಳದ ಆಚೆಗೇ ನಿಲ್ಲಬೇಕಾಗಿತ್ತು. ಇತರರ ರೋಗವೂ ಅನಿಷ್ಟವೂ ಅವರಿಗೆ ದಾಟಿಹೋಗಲೆಂದು, ಕೂದಲು ಮತ್ತು ಉಗುರುಗಳನ್ನು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವ ‘ಅಜಲು’ ಎಂಬ ಪದ್ಧತಿಯು ಬಹುಕಾಲ ನಡೆದುಬಂದಿತು. ಅದನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ರಾಜ್ಯವು ಮಾಡಿದ್ದು 2000ನೆಯ ಇಸವಿಯಲ್ಲಿ, ಆಶುವಿನ ಬಿಡುಗಡೆಪತ್ರವನ್ನು ಬರೆದ 868 ವರ್ಷಗಳ ತರುವಾಯ.